ತಾನು ಉರಿಯದ ಉಪ್ಪು

ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಅದರ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ದೂರದಿಂದ ನುಣುಪಾಗಿ ಕಾಣುವ ಮದ್ದು ಹತ್ತಿರದಿಂದ ತರಿತರಿಯಾಗಿರುತ್ತದೆ. ಉಜ್ಜುವಾಗ ಘರ್ಷಣೆ ಹೆಚ್ಚಲೆಂದು ಅದರಲ್ಲಿ ಗಾಜಿನ ಪುಡಿ ಸೇರಿಸಿರುತ್ತಾರೆ. ಸ್ವಲ್ಪ ಗಂಧಕ, ಅಂಟು, ಬಣ್ಣ ಇರುತ್ತವೆ. ಮದ್ದಿನ ತೂಕದ ಸುಮಾರು ಅರ್ಧದಷ್ಟು ಮಾತ್ರ ಒಂದೇ ವಸ್ತು: ಪೊಟ್ಯಾಸಿಯಂ ಕ್ಲೋರೇಟ್ ಎಂಬ ಬಿಳಿ ಉಪ್ಪು. ಇನ್ನು ಪೊಟ್ಟಣದ ಪಕ್ಕಕ್ಕೆ ಬಳಿದ ಕಂದು ಪಟ್ಟಿಯಲ್ಲಿರುವುದು ಕೆಂಪು ರಂಜಕ, ಅದಕ್ಕೂ ಗಾಜಿನ ಪುಡಿ ಮತ್ತು ಅಂಟು.

ಕಡ್ಡಿ ಗೀರಿದಾಗ ಪಟ್ಟಿಯಿಂದ ರಂಜಕದ ಕಣವೊಂದು ಕಿತ್ತು ಬಂದು ಬಿಸಿಯಾಗುತ್ತದೆ. ಅದರ ತುಸು ಭಾಗ ಗಾಳಿ ಸೋಕಿದರೆ ಸಾಕು ಹೊತ್ತಿಕೊಳ್ಳುವ ಬಿಳಿ ರಂಜಕವಾಗಿ ಮಾರ್ಪಡುತ್ತದೆ. ಆ ಕಿಡಿಯ ಶಾಖಕ್ಕೆ ಕಡ್ಡಿಯ ತಲೆಯಲ್ಲಿರುವ ಕ್ಲೋರೇಟ್ ಒಡೆದು ಆಮ್ಲಜನಕ ಬಿಡುತ್ತದೆ. ಗಂಧಕ, ಅಂಟು ಭಗ್ಗೆಂದು ಉರಿದು, ಮೇಣ ಹೀರಿದ ಕಡ್ಡಿಗೆ ಬೆಂಕಿ ದಾಟುತ್ತದೆ. ಇಷ್ಟೆಲ್ಲ ಮುಗಿಯಲು ಕಣ್ಣೆವೆ ಬಡಿಯುವಷ್ಟು ಹೊತ್ತು ಸಾಕು.

ಕ್ಲೋರೇಟನ್ನೂ ರಂಜಕವನ್ನೂ ಒಂದೇ ಮುದ್ದೆಯಲ್ಲಿ ಕಲಸಿಬಿಟ್ಟರೆ ಏನಾಗುತ್ತದೆ ಎಂಬುದು ದೀಪಾವಳಿಯಲ್ಲಿ ಆಟದ ಪಿಸ್ತೂಲಿಗೆ ಕೇಪಿನ ಸುರುಳಿ ಹಾಕಿದ ಮಕ್ಕಳಿಗೆಲ್ಲ ಗೊತ್ತು. ಕಾಗದದ ನಡುವೆ ಸಾಸಿವೆಯಷ್ಟೂ ಇಲ್ಲದ ಚುಕ್ಕೆ, ಒಂದು ಪೆಟ್ಟು ಬಿದ್ದರೆ ಠಪ್ಪೆಂದು ಸಿಡಿಯುತ್ತದೆ. ಅದೇ ಮಿಶ್ರಣ ಒಂದು ಚಮಚದಷ್ಟಿದ್ದರೆ ಕೈಬೆರಳು ಹಾರಿಹೋಗಬಹುದು. ಹಾಗಾಗಿ ಬೆಂಕಿಪೊಟ್ಟಣದ ಜಾಣ್ಮೆಯೆಲ್ಲ ಇರುವುದು ಒಂದು ಅಗಲಿಕೆಯಲ್ಲಿ: ಉಪ್ಪು ಕಡ್ಡಿಯ ಮೇಲೆ, ರಂಜಕ ಪೊಟ್ಟಣದ ಮೇಲೆ. ಈ ಉಪ್ಪಿನ ಇನ್ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ಓದುತ್ತ ಹೋದರೆ, ಅದನ್ನು ಅದರ ಇಂಧನದಿಂದ ದೂರ ಇಟ್ಟವರು ಬದುಕಿದ್ದೂ ದೂರ ಇಡಲು ಮರೆತವರು ಸತ್ತಿದ್ದೂ ಮತ್ತೆ ಮತ್ತೆ ಎದುರಾಗುತ್ತದೆ.

ಪೊಟ್ಯಾಸಿಯಂ ಕ್ಲೋರೇಟ್ ತಾನಾಗಿ ಉರಿಯುವುದಿಲ್ಲ. ನೋಡಲು ಹರಳು ಹರಳಾದ ಬಿಳಿ ಪುಡಿ. ತಣ್ಣೀರಿನಲ್ಲಿ ಅಷ್ಟಾಗಿ ಕರಗದು, ಕುದಿನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ಸುಮಾರು 356 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ದ್ರವವಾಗುತ್ತದೆ, ಇನ್ನೂ ಕಾಯಿಸಿದರೆ ಒಡೆದು ಆಮ್ಲಜನಕ ಬಿಟ್ಟು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ತೂಕದಲ್ಲಿ ಶೇಕಡಾ 39ರಷ್ಟು ಆಮ್ಲಜನಕವೇ. ಒಂದು ಲೀಟರ್ ಡಬ್ಬಿಯಲ್ಲಿ ಸಲೀಸಾಗಿ ಹಿಡಿಸುವ ಒಂದು ಕಿಲೋ ಉಪ್ಪು ಪೂರ್ತಿ ಒಡೆದರೆ ಸುಮಾರು 270 ಲೀಟರ್ ಆಮ್ಲಜನಕ ಹೊರಬರುತ್ತದೆ. ಅಷ್ಟನ್ನು ಗಾಳಿಯಿಂದಲೇ ಪಡೆಯಬೇಕಿದ್ದರೆ 1,300 ಲೀಟರ್ ಗಾಳಿ ಬೇಕು. ಇಂಥ ವಸ್ತುವನ್ನು ರಸಾಯನಶಾಸ್ತ್ರದಲ್ಲಿ ಉತ್ಕರ್ಷಣಕಾರಿ ಎನ್ನುತ್ತಾರೆ. ಬೇರೆ ವಸ್ತು ಉರಿಯಲು ಬೇಕಾದ ಆಮ್ಲಜನಕವನ್ನು ಇದು ಹೊತ್ತು ತರುತ್ತದೆ. ಉರಿಯುವ ವಸ್ತು ಯಾವುದಾದರೂ ಸರಿ: ಸಕ್ಕರೆ, ಹಿಟ್ಟು, ಮರದ ಹೊಟ್ಟು, ಎಣ್ಣೆ, ಬಟ್ಟೆ, ಇದ್ದಿಲು.

ಆಮ್ಲಜನಕ ಹೊತ್ತ ಉಪ್ಪು ಇದೊಂದೇ ಅಲ್ಲ. ಮದ್ದಿನ ಪುಡಿಯಲ್ಲಿ ಶತಮಾನಗಳಿಂದ ಬಳಸುತ್ತಿದ್ದ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಕೂಡ ಅಂಥದ್ದೇ. ಮೈಸೂರಿನ ರಾಕೆಟ್ಟುಗಳು ಹಾರಿದ್ದು ಅದರ ಬಲದಿಂದ. ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಪೆಟ್ಲುಪ್ಪಿನಿಂದ ಆಮ್ಲಜನಕ ಬಿಡಿಸಲು ಹೊರಗಿನಿಂದ ಶಾಖ ಕೊಡುತ್ತಲೇ ಇರಬೇಕು, ಅದು ಒಡೆಯುವಾಗ ಶಾಖವನ್ನು ನುಂಗುತ್ತದೆ. ಕ್ಲೋರೇಟ್ ಒಡೆಯುವಾಗ ತಾನೇ ಶಾಖವನ್ನು ಹೊರಗೆ ಬಿಡುತ್ತದೆ. ಆ ಶಾಖ ಪಕ್ಕದ ಹರಳನ್ನು ಒಡೆಯುತ್ತದೆ, ಅದರ ಶಾಖ ಅದರಾಚೆಯದನ್ನು. ಇಂಧನವೂ ಜೊತೆಗಿದ್ದರೆ ಒಂದು ತಿಕ್ಕು, ಒಂದು ಬಡಿತ ಸಾಕು. ಪೆಟ್ಲುಪ್ಪಿನ ಮದ್ದನ್ನು ಒರಳಿನಲ್ಲಿ ಎಚ್ಚರಿಕೆಯಿಂದ ಅರೆದವರು ತಲೆಮಾರುಗಟ್ಟಲೆ ಬದುಕಿದ್ದರು. ಅದೇ ಕೈಚಳಕ ಕ್ಲೋರೇಟಿಗೂ ಒಗ್ಗುತ್ತದೆಂದು ನಂಬಿದವರಿಗೆ ಮೊದಲ ಪಾಠ ಆದದ್ದು ಫ್ರಾನ್ಸಿನಲ್ಲಿ.

ಬಿಸಿ ಪೊಟ್ಯಾಶ್ ದ್ರಾವಣದಲ್ಲಿ ಕ್ಲೋರಿನ್ ಅನಿಲ ಹಾಯಿಸಿ ಈ ಉಪ್ಪನ್ನು ಮೊದಲು ಬೇರ್ಪಡಿಸಿದವನು ಫ್ರೆಂಚ್ ರಸಾಯನಶಾಸ್ತ್ರಜ್ಞ ಕ್ಲಾಡ್ ಲೂಯಿ ಬರ್ತೊಲೆ. 1780ರ ದಶಕದ ಕೊನೆಯ ವರ್ಷಗಳವು. ಫ್ರಾನ್ಸ್ ಸರ್ಕಾರದ ಮದ್ದಿನ ಆಡಳಿತದ ಹೊಣೆ ಹೊತ್ತಿದ್ದವರಲ್ಲಿ ಆಧುನಿಕ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಲವಾಸಿಯೆ ಕೂಡ ಒಬ್ಬ. ಪೆಟ್ಲುಪ್ಪಿನ ಬದಲು ಹೊಸ ಉಪ್ಪನ್ನು ಹಾಕಿದರೆ ಮದ್ದಿನ ಬಲ ಹೆಚ್ಚುತ್ತದೆಂದು ಸಣ್ಣ ಪ್ರಮಾಣದ ಪರೀಕ್ಷೆಗಳು ತೋರಿಸಿದ್ದವು. 1788ರ ಅಕ್ಟೋಬರ್ 27ರಂದು ಪ್ಯಾರಿಸ್ ಸಮೀಪದ ಎಸೋನ್‌ನ ಮದ್ದಿನ ಕಾರ್ಖಾನೆಯಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಅರೆಯುವ ಪ್ರಯೋಗಕ್ಕೆ ಲವಾಸಿಯೆ, ಅವನ ಹೆಂಡತಿ ಮತ್ತು ಬರ್ತೊಲೆ ಬಂದಿದ್ದರು. ಅರೆಯುವ ಕೆಲಸ ನಡೆಯುತ್ತಿದ್ದಂತೆಯೇ ಮಿಶ್ರಣ ಸಿಡಿಯಿತು. ಹತ್ತಿರದಲ್ಲಿದ್ದ ಕಾರ್ಖಾನೆಯ ಮುಖ್ಯಸ್ಥ ಮತ್ತು ಒಬ್ಬ ಯುವತಿ ಸತ್ತರು. ಉಳಿದ ಮೂವರು ಆ ಕ್ಷಣಕ್ಕೆ ಅಲ್ಲಿಂದ ದೂರವಿದ್ದುದರಿಂದ ಬದುಕಿಕೊಂಡರು. ಆಮ್ಲಜನಕದ ಬಗ್ಗೆ ಆ ಹೊತ್ತಿನಲ್ಲಿ ಜಗತ್ತಿನಲ್ಲೇ ಹೆಚ್ಚು ತಿಳಿದಿದ್ದವರ ಕಣ್ಣೆದುರು ಇದು ನಡೆಯಿತು ಎಂಬುದನ್ನು ನಾವು ಮರೆಯಬಾರದು.

ತೋಪಿಗೆ ಒಗ್ಗದ ಉಪ್ಪು ಮನೆಯ ಒಲೆಗೆ ಒಗ್ಗಿತು. 1805ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರೇಟ್ ಮತ್ತು ಸಕ್ಕರೆ ಮೆತ್ತಿದ ಕಡ್ಡಿಯನ್ನು ಗಂಧಕಾಮ್ಲದಲ್ಲಿ ಅದ್ದಿ ಹೊತ್ತಿಸುವ ಉಪಾಯ ಬಂತು. ಬೆಂಕಿ ಬೇಕೆಂದವರು ಜೇಬಿನಲ್ಲಿ ಆಮ್ಲದ ಸೀಸೆ ಇಟ್ಟುಕೊಳ್ಳಬೇಕಿತ್ತು. 1827ರಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್, ಉಪ್ಪುಕಾಗದದ ನಡುವೆ ಎಳೆದರೆ ಹೊತ್ತುವ ಕಡ್ಡಿಗಳನ್ನು ಮಾರತೊಡಗಿದ. ಅವುಗಳಲ್ಲೂ ಇದೇ ಕ್ಲೋರೇಟ್. ಅದಾದ ಮೇಲೆ ಬಿಳಿ ರಂಜಕದ ಕಡ್ಡಿಗಳು ಬಂದು ಕಾರ್ಮಿಕರ ದವಡೆ ಮೂಳೆಗಳನ್ನು ಕೊಳೆಯಿಸಿದ ಕಥೆ ಬೇರೆಯೇ ಒಂದು ಅಧ್ಯಾಯ ಬೇಡುತ್ತದೆ. ಭಾರತದಲ್ಲಿ ಅವುಗಳನ್ನು ಕಾನೂನಿನಿಂದ ತಡೆದದ್ದು 1913ರಲ್ಲಿ. ಉಪ್ಪನ್ನು ಕಡ್ಡಿಗೂ ಕೆಂಪು ರಂಜಕವನ್ನು ಪೊಟ್ಟಣಕ್ಕೂ ಹಂಚುವ ದಾರಿ ಸ್ವೀಡನ್ನಿನದು. 1844ರಲ್ಲಿ ಗುಸ್ತಾಫ್ ಪಾಶ್ ಪಡೆದ ಪೇಟೆಂಟನ್ನು ಯಾನ್‌ಶಾಪಿಂಗ್ ಊರಿನ ಲುಂಡ್‌ಸ್ಟ್ರಮ್ ಸೋದರರು ಸುಧಾರಿಸಿ 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಒಯ್ದರು. ನಮ್ಮ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಗಳ ಪೊಟ್ಟಣಗಳೂ ಅದೇ ವಂಶದವು.

ಬೆಂಕಿಕಡ್ಡಿಯಲ್ಲಿ ಉಪ್ಪು ಮತ್ತು ಗಂಧಕ ಒಟ್ಟಿಗೇ ಇವೆಯಲ್ಲ ಎಂದು ಓದುಗರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅಲ್ಲಿ ಮದ್ದನ್ನು ಒದ್ದೆಯಾಗಿಯೇ ಕಲಸುತ್ತಾರೆ. ಒಣಗಿದ ಮೇಲೆ ಅಂಟು ಒಂದೊಂದು ಹರಳನ್ನೂ ಸುತ್ತುವರಿದು ಕೂರುತ್ತದೆ. ಗಾಜು ಮತ್ತು ಇತರ ಪುಡಿಗಳು ನಡುವೆ ಅಡ್ಡ ನಿಲ್ಲುತ್ತವೆ. ಮೇಲಾಗಿ ಒಂದು ಕಡ್ಡಿಯ ತಲೆಯಲ್ಲಿರುವುದು ಒಂದು ಚಿಟಿಕೆಗಿಂತ ಕಡಿಮೆ. ಇದೇ ಎರಡನ್ನು ಒಣಪುಡಿಯಾಗಿ, ಕಿಲೋಗಟ್ಟಲೆ ಬೆರೆಸಿಟ್ಟರೆ ಕಿಡಿಯೂ ಬೇಡ, ಪೆಟ್ಟೂ ಬೇಡ. ಗಾಳಿಗೆ ತೆರೆದಿಟ್ಟ ಗಂಧಕದ ಪುಡಿ ನಿಧಾನವಾಗಿ ಉತ್ಕರ್ಷಣೆಗೊಂಡು ಅದರ ಮೈಮೇಲೆ ಆಮ್ಲದ ಪಸೆ ಕೂರುತ್ತದೆ. ಆ ಆಮ್ಲ ಕ್ಲೋರೇಟಿಗೆ ತಾಗಿದಾಗ ಕ್ಲೋರಿಕ್ ಆಮ್ಲವಾಗಿ, ಅದರಿಂದ ಕ್ಲೋರಿನ್ ಡೈಆಕ್ಸೈಡ್ ಎಂಬ ಹಳದಿ ಅನಿಲ ಹುಟ್ಟುತ್ತದೆ. ಅದು ಗಂಧಕವನ್ನು ಮತ್ತಷ್ಟು ಉತ್ಕರ್ಷಿಸಿ ಶಾಖವನ್ನೂ ಇನ್ನಷ್ಟು ಆಮ್ಲವನ್ನೂ ತಯಾರಿಸುತ್ತದೆ. ತೇವ ಇದ್ದರೆ ಈ ಚಕ್ರ ಬೇಗ ತಿರುಗುತ್ತದೆ. ಸಂಜೆ ಬೆರೆಸಿ ಬೀಗ ಹಾಕಿಟ್ಟ ಮಿಶ್ರಣ ಯಾರೂ ಇಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿಕೊಳ್ಳುವುದು ಹೀಗೆ.

ಬ್ರಿಟನ್ 1894ರಲ್ಲೇ ಕ್ಲೋರೇಟ್ ಮತ್ತು ಗಂಧಕದ ಮಿಶ್ರಣವನ್ನು ನಿಷೇಧಿಸಿತು. ಭಾರತ ಸರ್ಕಾರ ಸ್ಫೋಟಕಗಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿದ್ದು 1992ರ ಜನವರಿ 27ರಂದು. ವೈಜ್ಞಾನಿಕ ಕೆಲಸಕ್ಕೆ ಬೇಕಾದ ಅಲ್ಪ ಪ್ರಮಾಣ, ಬೆಂಕಿಕಡ್ಡಿಯ ತಲೆ, ಆಟದ ಪಿಸ್ತೂಲಿನ ಕೇಪು, ಇಷ್ಟಕ್ಕೆ ಮಾತ್ರ ವಿನಾಯಿತಿ. ಒಂದು ಶತಮಾನದ ಆ ಅಂತರದಲ್ಲಿ ನಮ್ಮ ಪಟಾಕಿ ಶೆಡ್ಡುಗಳಲ್ಲಿ ಸುಟ್ಟುಹೋದವರನ್ನು ನೆನೆದರೆ ಸಂಕಟವಾಗುತ್ತದೆ. ನಿಷೇಧದ ನಂತರವೂ ಕಳ್ಳದಾರಿಯ ಬಳಕೆ ನಿಂತಿಲ್ಲ. ಕ್ಲೋರೇಟ್ ಸುಲಭವಾಗಿ ಹೊತ್ತುತ್ತದೆ, ಸದ್ದು ಜೋರು, ಬಣ್ಣ ಗಾಢ. 2016ರ ಏಪ್ರಿಲ್ 10ರ ಬೆಳಗಿನ ಜಾವ ಕೇರಳದ ಪರವೂರಿನ ಪುಟ್ಟಿಂಗಲ್ ದೇವಸ್ಥಾನದ ಉತ್ಸವದಲ್ಲಿ, ಹಾರಿದ ಬಾಣಬಿರುಸಿನ ಕಿಡಿ ಸಿಡಿಮದ್ದಿನ ದಾಸ್ತಾನಿನ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ನಿಷೇಧಿತ ಕ್ಲೋರೇಟನ್ನು ಅಲ್ಲಿ ಬಳಸಲಾಗಿತ್ತೆಂದು ತನಿಖೆಯ ನಂತರ ವರದಿಯಾಯಿತು. ನಮ್ಮ ಕರಾವಳಿಯ ಜಾತ್ರೆಗಳಲ್ಲೂ ಗರ್ನಾಲು ಎಂಬ ಸಿಡಿಮದ್ದು ಸಿಡಿಯದೆ ರಥ ಎಳೆಯುವುದಿಲ್ಲ. ಅಲ್ಲಿನ ಗಾಳಿಯಲ್ಲಿ ವರ್ಷವಿಡೀ ತೇವ ಇರುತ್ತದೆ ಎಂಬುದನ್ನು ಮದ್ದು ಕಟ್ಟುವವರು, ಕಟ್ಟಿಸುವವರು ಇಬ್ಬರೂ ಯೋಚಿಸಬೇಕು.

ಅಪಾಯಕ್ಕೆ ಗಂಧಕವೇ ಬೇಕೆಂದಿಲ್ಲ. ಈ ಉಪ್ಪಿನ ಗುಣವನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಸುವುದು, ನನ್ನ ಮಟ್ಟಿಗೆ, ನ್ಯೂಜಿಲೆಂಡಿನ ಹೈನುಗಾರರ ಅನುಭವ. 1920–30ರ ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ರ‍್ಯಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆ ಹಬ್ಬಿತು. ತಿಂದ ದನ, ಕುದುರೆಗಳ ಪಿತ್ತಜನಕಾಂಗ ಹಾಳಾಗುತ್ತಿತ್ತು. ಪೊಟ್ಯಾಸಿಯಂ ಕ್ಲೋರೇಟಿನ ಸೋದರ ಸೋಡಿಯಂ ಕ್ಲೋರೇಟನ್ನು ನೀರಿನಲ್ಲಿ ಕರಗಿಸಿ ಎರಚಿದರೆ ಕಳೆ ಸಾಯುತ್ತದೆಂದು ಸರ್ಕಾರಿ ಕೃಷಿ ಇಲಾಖೆ ಸಲಹೆ ಕೊಟ್ಟಿತು, ರೈತರು ಎರಚಿದರು. ಎರಚುವಾಗ ಪ್ಯಾಂಟಿನ ಮೇಲೆ ಸಿಡಿದ ನೀರು ಹತ್ತಿಯ ಎಳೆಎಳೆಗೂ ಇಳಿಯಿತು. ಒಣಗಿದ ಮೇಲೆ ನೀರು ಹೋಯಿತು, ಉಪ್ಪು ಅಲ್ಲೇ ಉಳಿಯಿತು. ಹತ್ತಿ ಉರಿಯುವ ವಸ್ತು, ಅದರ ನಾರಿನ ಮೈಗೇ ಅಂಟಿಕೊಂಡದ್ದು ಆಮ್ಲಜನಕದ ಹರಳು. ಯಾವ ಮದ್ದಿನ ಗಿರಣಿಯೂ ಇಂಧನವನ್ನೂ ಉಪ್ಪನ್ನೂ ಇಷ್ಟು ಅಚ್ಚುಕಟ್ಟಾಗಿ ಬೆರೆಸಲಾರದು.

1931ರ ಆಗಸ್ಟಿನಲ್ಲಿ ಹಾವೆರಾ ಪಟ್ಟಣದ ಬಳಿಯ ಒಬ್ಬ ರೈತ ಒದ್ದೆ ಪ್ಯಾಂಟನ್ನು ಬೆಂಕಿಗೂಡಿನ ಎದುರು ಒಣಗಲು ಹಾಕಿದ್ದ. ಅದು ಸದ್ದು ಮಾಡುತ್ತ ಹೊತ್ತಿಕೊಂಡಿತು. ಎತ್ತಿ ಹೊರಗಿನ ಹುಲ್ಲಿನ ಮೇಲೆ ಎಸೆದರೂ ಅಲ್ಲಿಯೂ ಚಟಪಟ ಸಿಡಿಯುತ್ತಲೇ ಇತ್ತು. ಅವನು ಬದುಕಿಕೊಂಡ. ತೊಟ್ಟ ಬಟ್ಟೆಯೇ ಹೊತ್ತಿಕೊಂಡು ಪ್ರಾಣ ಕಳೆದುಕೊಂಡವರೂ ಇದ್ದರು. ಕುದುರೆಯ ಮೇಲೆ ಕೂತಾಗ ಜೀನಿನ ತಿಕ್ಕಾಟ, ದಾರಿಯಲ್ಲಿ ಹಚ್ಚಿದ ಸಿಗರೇಟಿನ ಕಿಡಿ, ಯಾವುದಾದರೂ ಸಾಕಿತ್ತು. ಮ್ಯಾಸಿ ವಿಶ್ವವಿದ್ಯಾಲಯದ ಇತಿಹಾಸಕಾರ ಜೇಮ್ಸ್ ವಾಟ್ಸನ್ ಇದನ್ನು ದಾಖಲಿಸಿದ್ದಕ್ಕೆ 2005ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಜನ ನಕ್ಕರು. ಆದರೆ ಅವರ ಅಧ್ಯಯನದ ಒಳಗಿರುವುದು ತಮಗೆ ಕೊಟ್ಟ ವಸ್ತುವಿನ ಗುಣವನ್ನು ಪೂರ್ತಿ ಹೇಳಿಸಿಕೊಳ್ಳದೆ ದುಡಿದ ರೈತರ ಬದುಕು.

ಕ್ಲೋರೇಟನ್ನು ಇಡುವ, ಸಾಗಿಸುವ ನಿಯಮಗಳೆಲ್ಲ ಆ ಪ್ಯಾಂಟಿನಿಂದಲೇ ಅರ್ಥವಾಗುತ್ತವೆ. ಗೋಣಿಚೀಲದಲ್ಲಿ ತುಂಬಬಾರದು. ಮರದ ನೆಲ, ಮರದ ಕಪಾಟು ಬೇಡ. ಚೆಲ್ಲಿದರೆ ಮರದ ಹೊಟ್ಟು ಹಾಕಿ ಗುಡಿಸಬಾರದು, ಗುಡಿಸಿದ್ದನ್ನು ಕಸದ ಬುಟ್ಟಿಯ ಕಾಗದದ ಜೊತೆ ಸುರಿಯಬಾರದು, ಧಾರಾಳ ನೀರಿನಿಂದ ತೊಳೆಯಬೇಕು. ಮೈಮೇಲೆ ಬಿದ್ದ ಬಟ್ಟೆಯನ್ನು ಒಣಗುವ ಮೊದಲೇ ಕಳಚಿ ನೀರಿನಲ್ಲಿ ಅದ್ದಬೇಕು. ಗೋದಾಮಿಗೆ ಬೆಂಕಿ ಬಿದ್ದರೆ ನೊರೆ, ಮರಳು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೆಚ್ಚು ಕೆಲಸಕ್ಕೆ ಬಾರವು. ಅವೆಲ್ಲ ಬೆಂಕಿಗೆ ಗಾಳಿ ತಪ್ಪಿಸುವ ಸಾಧನಗಳು, ಈ ಬೆಂಕಿಗೆ ಗಾಳಿಯ ಹಂಗಿಲ್ಲ. ದೂರದಿಂದ ನೀರು ಸುರಿದು ತಣಿಸುವುದೊಂದೇ ದಾರಿ. ಲಾರಿಗಳ ಹಿಂದೆ, ಡ್ರಮ್ಮುಗಳ ಮೇಲೆ ಹಳದಿ ಚೌಕದಲ್ಲಿ ಒಂದು ವೃತ್ತ, ಅದರ ಮೇಲೆ ಜ್ವಾಲೆಯ ಚಿತ್ರ ಕಂಡರೆ ಒಳಗಿರುವುದು ಇಂಥ ಉತ್ಕರ್ಷಣಕಾರಿ.

ಶಾಲೆಯ ಪ್ರಯೋಗಾಲಯಗಳಲ್ಲೂ ಈ ಉಪ್ಪು ಬಹುಕಾಲ ಇತ್ತು. ಕಪ್ಪು ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿ ಕಾಯಿಸಿದರೆ ಕ್ಲೋರೇಟ್ ಕಡಿಮೆ ಶಾಖಕ್ಕೇ ಆಮ್ಲಜನಕ ಬಿಡುತ್ತದೆ. ಅದನ್ನು ಹಿಡಿದು, ಕೆಂಡವಾದ ಕಡ್ಡಿ ಮತ್ತೆ ಜ್ವಾಲೆಯಾಗುವುದನ್ನು ಮಕ್ಕಳಿಗೆ ತೋರಿಸುತ್ತಿದ್ದರು. ಪಕ್ಕದ ಸೀಸೆಯಲ್ಲಿದ್ದ ಇದ್ದಿಲ ಪುಡಿಯೋ ಆಂಟಿಮನಿ ಸಲ್ಫೈಡೋ ಕೂಡ ಕಪ್ಪಗೇ ಕಾಣುತ್ತದೆ. ಸೀಸೆ ಬದಲಾಗಿ ಪ್ರಣಾಳ ಸಿಡಿದ ಪ್ರಸಂಗಗಳು ರಸಾಯನಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಎಚ್ಚರಿಕೆಯಾಗಿ ಬಂದಿವೆ. ಇಂದು ಅದೇ ಪಾಠಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದು ಎಷ್ಟೋ ವಾಸಿ.

ಇದನ್ನು ಔಷಧಿಯೆಂದು ನುಂಗಿದ ಕಾಲವೂ ಇತ್ತು. ಆಮ್ಲಜನಕ ತುಂಬಿದ ಉಪ್ಪು ದೇಹಕ್ಕೂ ಆಮ್ಲಜನಕ ಕೊಡಬಹುದೆಂಬ ಊಹೆ, ಗಂಟಲು ನೋವಿಗೆ ಚೀಪುವ ಗುಳಿಗೆಗಳು, ಮಕ್ಕಳಿಗೆ ಕುಡಿಸುವ ದ್ರಾವಣ, ಹತ್ತೊಂಬತ್ತನೆಯ ಶತಮಾನದಲ್ಲಿ ಇವೆಲ್ಲ ಸಾಮಾನ್ಯ. ಅಮೆರಿಕದ ಅಯೋವಾದ ವೈದ್ಯನೊಬ್ಬ ಇದರಿಂದ ಹಾನಿಯಿಲ್ಲವೆಂದು ತೋರಿಸಲು 1861ರಲ್ಲಿ ತಾನೇ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ನುಂಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಕ್ಲೋರೇಟ್ ರಕ್ತಕ್ಕೆ ಸೇರಿದಾಗ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸಿಬಿಡುತ್ತದೆ. ಹಾಗಾದ ಕಬ್ಬಿಣ ಆಮ್ಲಜನಕವನ್ನು ಹೊರಲಾರದು. ರಕ್ತ ಚಾಕೊಲೇಟಿನ ಕಂದು ಬಣ್ಣಕ್ಕೆ ತಿರುಗುತ್ತದೆ, ತುಟಿ, ಉಗುರು ನೀಲಿಗಟ್ಟುತ್ತವೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರಪಿಂಡಗಳು ಕೈಕೊಡುತ್ತವೆ. ಇಂಥ ರಕ್ತದೋಷಕ್ಕೆ ಸಾಮಾನ್ಯವಾಗಿ ಕೊಡುವ ಮೆಥಿಲೀನ್ ಬ್ಲೂ ಮದ್ದು ಇಲ್ಲಿ ಸರಿಯಾಗಿ ನಾಟುವುದಿಲ್ಲ, ಏಕೆಂದರೆ ಆ ಮದ್ದು ಕೆಲಸ ಮಾಡಲು ಬೇಕಾದ ಕಿಣ್ವವನ್ನೇ ಕ್ಲೋರೇಟ್ ಹಾಳುಮಾಡಿರುತ್ತದೆ.

ಥಾಯ್ಲೆಂಡಿನಲ್ಲಿ ಇದಕ್ಕೆ ಇನ್ನೊಂದು ಬಳಕೆ ಸಿಕ್ಕಿತು. ಲಿಚಿಯ ಸಂಬಂಧಿ ಲಾಂಗನ್ ಹಣ್ಣಿನ ಮರದ ಬುಡಕ್ಕೆ ಕ್ಲೋರೇಟ್ ಹಾಕಿದರೆ ಮರ ಹಂಗಾಮಿಲ್ಲದ ಕಾಲದಲ್ಲೂ ಹೂ ಬಿಡುತ್ತದೆ ಎಂಬುದು 1990ರ ದಶಕದ ಕೊನೆಗೆ ಬೆಳಕಿಗೆ ಬಂತು. ಬೇಡಿಕೆ ಏರಿತು. 1999ರ ಸೆಪ್ಟೆಂಬರ್‌ನಲ್ಲಿ ಚಿಯಾಂಗ್ ಮಾಯ್ ಪ್ರಾಂತ್ಯದ ಲಾಂಗನ್ ಸಂಸ್ಕರಣಾ ಘಟಕವೊಂದರಲ್ಲಿ ಕ್ಲೋರೇಟ್ ದಾಸ್ತಾನು ಸಿಡಿದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ತೋಟಗಾರಿಕೆಯವರ ಕೈಗೆ ಬಂದಾಕ್ಷಣ ಅದು ಗೊಬ್ಬರದಂತೆ ಕಂಡಿತ್ತು.

ಹೀಗೆಂದು ಈ ಉಪ್ಪನ್ನು ಶಪಿಸಲಾಗದು. ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡ ಇಳಿದಾಗ ತಲೆಯ ಮೇಲಿಂದ ಮುಖವಾಡಗಳು ಜೋಲುತ್ತವಲ್ಲ, ಅನೇಕ ವಿಮಾನಗಳಲ್ಲಿ ಅವುಗಳಿಗೆ ಆಮ್ಲಜನಕ ಕೊಡುವುದು ಸೋಡಿಯಂ ಕ್ಲೋರೇಟ್. ಸೀಟಿನ ಮೇಲಿನ ಅಂಕಣದಲ್ಲಿ ಒಂದು ಪುಟ್ಟ ಉಕ್ಕಿನ ಕೊಳವೆ, ಅದರೊಳಗೆ ಒತ್ತಿ ಗಟ್ಟಿಮಾಡಿದ ಉಪ್ಪಿನ ತುಂಡು. ಮುಖವಾಡವನ್ನು ಎಳೆದಾಗ ದಾರ ಪಿನ್ನನ್ನು ಕೀಳುತ್ತದೆ, ಸಣ್ಣ ಸುತ್ತಿಗೆಯಂಥ ಕೀಲು ಕೇಪಿಗೆ ಬಡಿಯುತ್ತದೆ, ಒಂದು ತುದಿಯಿಂದ ಉಪ್ಪು ಬಿಸಿಯಾಗಿ ಒಡೆಯುತ್ತ ಸಾಗುತ್ತದೆ. ಸಿಲಿಂಡರ್ ಬೇಡ, ಕವಾಟ ಬೇಡ, ವರ್ಷಗಟ್ಟಲೆ ಕೆಡದೆ ಕಾಯುತ್ತದೆ. ವಿಮಾನ ಉಸಿರಾಡಬಲ್ಲ ಎತ್ತರಕ್ಕೆ ಇಳಿಯುವವರೆಗೆ ಹತ್ತು-ಹದಿನೈದು ನಿಮಿಷ ಪ್ರಾಣ ಉಳಿಸುತ್ತದೆ. ಆ ಹೊತ್ತಿನಲ್ಲಿ ಕೊಳವೆಯ ಹೊರಮೈ 250 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಅದು ತನ್ನ ಜಾಗದಲ್ಲಿ, ಸುತ್ತ ಉರಿಯುವಂಥದ್ದೇನೂ ಇಲ್ಲದೆ ಇರುವವರೆಗೆ ತೊಂದರೆಯಿಲ್ಲ.

1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಗೆ ಹೊರಟ ವ್ಯಾಲ್ಯೂಜೆಟ್ 592 ವಿಮಾನದ ಸರಕಿನ ಅಂಕಣದಲ್ಲಿ ಬೇರೆ ವಿಮಾನಗಳಿಂದ ಕಳಚಿದ, ಅವಧಿ ಮುಗಿದ ಇಂಥ ಕೊಳವೆಗಳಿದ್ದವು. ಐದು ರಟ್ಟಿನ ಡಬ್ಬಿಗಳಲ್ಲಿ, ಗುಳ್ಳೆ ಪ್ಲಾಸ್ಟಿಕ್ಕಿನ ಜೊತೆ ತುಂಬಿ, ವಿಮಾನದ ಟೈರುಗಳ ಬಳಿ ಇಟ್ಟಿದ್ದರು. ಕೇಪಿಗೆ ಪೆಟ್ಟು ಬೀಳದಂತೆ ಹಾಕಬೇಕಿದ್ದ ಪ್ಲಾಸ್ಟಿಕ್ ಮುಚ್ಚಳಗಳನ್ನು ಹಾಕಿರಲಿಲ್ಲ. ಸರಕಿನ ಚೀಟಿಯಲ್ಲಿ ಅವು ಖಾಲಿ ಎಂದು ಬರೆದಿತ್ತು. ಅವಧಿ ಮುಗಿದದ್ದು ಕಾಗದದ ಮೇಲೆ, ಉಪ್ಪು ಒಳಗೆ ಹಾಗೆಯೇ ಇತ್ತು. ಯಾವುದೋ ಒಂದು ಕೊಳವೆ ಚಾಲೂ ಆಯಿತು. ಅದರ ಶಾಖಕ್ಕೆ ರಟ್ಟು ಹೊತ್ತಿತು, ಅದರ ಆಮ್ಲಜನಕ ಬೆಂಕಿಯನ್ನು ಊದಿತು, ಆ ಬೆಂಕಿ ಪಕ್ಕದ ಕೊಳವೆಗಳನ್ನು ಎಬ್ಬಿಸಿತು. ಹೊರಟ ಹತ್ತೇ ನಿಮಿಷಕ್ಕೆ ವಿಮಾನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿದ್ದು ಅದರಲ್ಲಿದ್ದ 110 ಮಂದಿಯೂ ಸತ್ತರು.

ಆ ಸರಕಿನ ಅಂಕಣದಲ್ಲಿ ಹೊಗೆ ಪತ್ತೆ ಮಾಡುವ ಯಂತ್ರವಾಗಲಿ, ಬೆಂಕಿ ಆರಿಸುವ ವ್ಯವಸ್ಥೆಯಾಗಲಿ ಇರಲಿಲ್ಲ. ಅದನ್ನು ಗಾಳಿ ಆಡದಂತೆ ಬಿಗಿಯಾಗಿ ಕಟ್ಟಿದ್ದರು. ಒಳಗೆ ಬೆಂಕಿ ಹುಟ್ಟಿದರೂ ಇರುವ ಆಮ್ಲಜನಕ ಮುಗಿದು ತಾನೇ ಆರುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕ. ಸಾಮಾನ್ಯ ಸರಕಿಗೆ ಆ ಲೆಕ್ಕ ಸರಿಯಿತ್ತು. ಕ್ಲೋರೇಟ್ ಮಾತ್ರ ಬೆಂಕಿಗೆ ಬೇಕಾದ ಆಮ್ಲಜನಕವನ್ನು ತನ್ನೊಂದಿಗೇ ಒಳಗೆ ಒಯ್ದಿತ್ತು. ದುರಂತದ ನಂತರ ಅಮೆರಿಕದಲ್ಲಿ ಪ್ರಯಾಣಿಕರ ವಿಮಾನಗಳಲ್ಲಿ ಇಂಥ ಕೊಳವೆಗಳನ್ನು ಸರಕಾಗಿ ಸಾಗಿಸುವುದನ್ನು ನಿಷೇಧಿಸಿದರು. ಬಿಗಿ ಮುಚ್ಚಿದ ಸರಕಿನ ಅಂಕಣಗಳಿಗೂ ಹೊಗೆ ಪತ್ತೆ ಯಂತ್ರ ಮತ್ತು ಬೆಂಕಿ ಆರಿಸುವ ವ್ಯವಸ್ಥೆ ಕಡ್ಡಾಯವಾಯಿತು.